ಎಳೆ ಯಾರದು, ಶಾಲು ಯಾರಿಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಕತೆಗಾರರ ಓಡಾಟ ಜಾಸ್ತಿ. ಬೆಂಗಳೂರಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರಬಹುದು ನೋಡಿ. ಹೆಗಲಲ್ಲಿ ಚೀಲ, ಕೈಯಲ್ಲಿ ಟಿಪ್ಪಣಿ ಪುಸ್ತಕ. ಕೇರಿಗೆ ಬಂದು ಕೇಳುತ್ತಾರೆ: "ಕತೆ ಬರೀಬೇಕು ಅಂತಿದೀವಿ, ಏನಾದ್ರೂ ಸ್ವಾರಸ್ಯವಾದ ಸಂಗತಿ ಇದ್ರೆ ಹೇಳ್ರಪ್ಪ."

ಹೇಳುತ್ತೇವೆ, ಬರಕೊಳ್ಳಿ. ಆದರೆ ಒಂದೊಂದು ಸಂಗತಿಯ ಬಾಲಕ್ಕೂ ಒಂದೊಂದು ಪ್ರಶ್ನೆ ಕಟ್ಟಿ ಕಳಿಸುತ್ತೇವೆ. ಅದನ್ನು ದಾರಿಯಲ್ಲಿ ಬಿಚ್ಚಿ ಬಿಸಾಕಬೇಡಿ.

ಮೊದಲು ರೇಷ್ಮೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾಕ್ಕೇ ದೊಡ್ಡದು ಎಂಬ ಮಾತು ನಿಮ್ಮ ಪುಸ್ತಕದಲ್ಲಿ ಆಗಲೇ ಇದೆ. ಹುಳು ನಾಲ್ಕು ಜ್ವರ ಕಳೆದು ಗೂಡು ಕಟ್ಟುತ್ತದೆ. ಒಂದು ಗೂಡಿನಲ್ಲಿ ನೂರಾರು ಮೀಟರು ಉದ್ದದ ಒಂದೇ ಎಳೆ. ಆ ಎಳೆ ಕಡಿಯಬಾರದೆಂದು, ಒಳಗಿನ ಜೀವ ಚಿಟ್ಟೆಯಾಗಿ ಹೊರಬರುವ ಮುಂಚೆಯೇ ಅದನ್ನು ಕೊಲ್ಲುತ್ತಾರೆ. ಸ್ವಾರಸ್ಯ, ಒಪ್ಪಿದೆವು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕುವ ಬೆರಳು ಯಾರದು? ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ೨೦೦೩ರಲ್ಲಿ ಹೊರತಂದ ವರದಿ, ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಬಿದ್ದಿದ್ದ ಮಕ್ಕಳ ಮಾತನ್ನೇ ಲೋಕದ ಮುಂದಿಟ್ಟಿತು. ಹೆತ್ತವರು ಪಡೆದ ಮುಂಗಡ ಸಾಲಕ್ಕೆ ಮಕ್ಕಳ ಕೈಬೆರಳೇ ಅಡವು. ದಲಿತರ ಮಕ್ಕಳು, ಮುಸ್ಲಿಮರ ಮಕ್ಕಳು. ಹುಳುವಿಗೆ ಮರುಗುವ ಪೆನ್ನು ಆ ಬೆರಳ ಹತ್ತಿರ ಬಂದಾಗ ಶಾಯಿ ಯಾಕೆ ಒಣಗುತ್ತದೆ?

ಇನ್ನು ರಾಮದೇವರ ಬೆಟ್ಟ. 'ಶೋಲೆ' ಚಿತ್ರಕ್ಕಾಗಿ ಇದರ ಬುಡದಲ್ಲಿ ಸೆಟ್ಟು ಹಾಕಿ ರಾಮಗಢ ಅಂತ ಒಂದು ಊರನ್ನೇ ಎಬ್ಬಿಸಿದ್ದರು. ಆ ಊರಲ್ಲಿ ಠಾಕೂರನ ಮನೆಯಿದೆ, ಗುಡಿಯಿದೆ, ಮಸೀದಿಯಿದೆ, ನೀರಿನ ಟ್ಯಾಂಕಿದೆ. ಕೇರಿ ಕಂಡ ನೆನಪು ನಮಗಿಲ್ಲ. ಚಿತ್ರ ತೆರೆಗೆ ಬಂದದ್ದು ೧೯೭೫ರ ಆಗಸ್ಟ್ ೧೫ಕ್ಕೆ. ಅದೇ ವರ್ಷ ಅಕ್ಟೋಬರ್ ೨೫ರಿಂದ ದೇಶದಲ್ಲಿ ಜೀತ ರದ್ದಾಯಿತು, ೧೯೭೬ರಲ್ಲಿ ಅದು ಕಾಯಿದೆಯಾಯಿತು. ಗಬ್ಬರ್ ಸಿಂಗನ ಮಾತು ಇಲ್ಲಿ ಮಕ್ಕಳಿಗೂ ಬಾಯಿಪಾಠ. ಜೀತ ರದ್ದಾದ ತಾರೀಕು ಎಷ್ಟು ಮಂದಿಗೆ ಗೊತ್ತು? ಕಾಯಿದೆ ಬಂದ ೨೭ ವರ್ಷದ ಮೇಲೂ ಮಕ್ಕಳ ಜೀತದ ವರದಿ ಬರೆಯಬೇಕಾಯಿತಲ್ಲ, ಅದು ಕತೆಯಲ್ಲವೆ?

ಅದೇ ಬೆಟ್ಟದಲ್ಲಿ ರಣಹದ್ದುಗಳಿವೆ. ೨೦೧೨ರಲ್ಲಿ ಅವಕ್ಕಾಗಿ ವನ್ಯಧಾಮವೂ ಆಯಿತು. ಉಳಿಯಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು ದೇಶದ ಬಹುಪಾಲು ರಣಹದ್ದುಗಳನ್ನು ಕೊಂದಿತು. ೨೦೦೬ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಬರಕೊಂಡಿರಾ? ಹಾಗಾದರೆ ಇದನ್ನೂ ಬರಕೊಳ್ಳಿ: ಊರ ಸತ್ತ ದನ ಹೊತ್ತು ಹೊರಗೆ ಹಾಕಿ, ಚರ್ಮ ಸುಲಿದು, ಹದ್ದಿಗೆ ಊಟ ಬಡಿಸಿದವರು ನಮ್ಮ ತಾತ ಮುತ್ತಾತಂದಿರು. ಅದು ಬಿಟ್ಟಿ ಚಾಕರಿ. "ಇನ್ನು ಹೊರಲ್ಲ" ಅಂತ ಚಳವಳಿಯ ದಿನಗಳಲ್ಲಿ ಕೇರಿಗಳು ಎದ್ದು ನಿಂತದ್ದು ಈ ನಾಡಿನ ದೊಡ್ಡ ಕತೆ. ಹದ್ದಿನ ಲೆಕ್ಕ ಇಡುವ ಸರ್ಕಾರ, ದನ ಹೊತ್ತ ಹೆಗಲ ಲೆಕ್ಕ ಯಾವ ಕಡತದಲ್ಲಿ ಇಟ್ಟಿದೆ?

ಚನ್ನಪಟ್ಟಣದ ಗೊಂಬೆಗೆ ಬನ್ನಿ. ಹಾಲೆ ಮರ, ಅರಗಿನ ಬಣ್ಣ, ಟಿಪ್ಪುವಿನ ಕಾಲದ ಹೆಸರು, ಭೌಗೋಳಿಕ ಗುರುತಿನ ಪಟ್ಟ. ಎಲ್ಲವೂ ಚೆಂದ. ಮರದ ಪುಡಿ ಕುಡಿಯುತ್ತಾ ದಿನವೆಲ್ಲ ಲೇತಿನ ಮುಂದೆ ಕೂತವರ ಮಕ್ಕಳು ಆಡಿದ ಗೊಂಬೆ ಯಾವುದು ಅಂತ ಕೇಳಿದ್ದೀರಾ?

ಇನ್ನು ಕಲ್ಲು. ರಾಮನಗರವನ್ನು ಬ್ರಿಟಿಷರು ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯ ಹೆಸರಲ್ಲಿ ಕ್ಲೋಸ್‌ಪೇಟೆ ಅಂತ ಕರೆದರು. ಇಲ್ಲಿನ ಬಂಡೆಗೆ ಭೂವಿಜ್ಞಾನದ ಪುಸ್ತಕಗಳಲ್ಲಿ ಇವತ್ತಿಗೂ ಅದೇ ಹೆಸರು. ಸುಮಾರು ೨೫೦ ಕೋಟಿ ವರ್ಷದ ಕಲ್ಲಿಗೆ ನಿನ್ನೆ ಮೊನ್ನೆ ಬಂದ ದೊರೆಯ ಹೆಸರು! ಊರು ರಾಮನಗರವಾಯಿತು, ೨೦೦೭ರಲ್ಲಿ ಜಿಲ್ಲೆಯಾಯಿತು, ೨೦೨೫ರಲ್ಲಿ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಿಸಿದರು. ಬೋರ್ಡು ಬದಲಾಯಿತು, ಕೇರಿ ಇದ್ದಲ್ಲೇ ಇದೆ. ಮಾಗಡಿಯ ಗುಲಾಬಿ ಕಲ್ಲು ವಿಧಾನಸೌಧದಲ್ಲಿ ಹೊಳೆಯುತ್ತಿದೆ. ಕನಕಪುರದ ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ. ಕಲ್ಲು ಹೋದ ದಾರಿಯಲ್ಲಿ ಕಲ್ಲು ಒಡೆದವನು ಎಲ್ಲಿಯವರೆಗೆ ಹೋದ?

ಈ ಬೆಟ್ಟಗಳ ಕಾಡಂಚಿನಲ್ಲಿ ಇರುಳಿಗರಿದ್ದಾರೆ. ಡೇವಿಡ್ ಲೀನ್ ೧೯೮೪ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಗಳಿಗೆ ಸಾವನದುರ್ಗವನ್ನು ಆರಿಸಿಕೊಂಡ. ಪರದೇಶದವರಿಗೆ ಗುಹೆ ಕಂಡಿತು. ಕಾಡಿನ ಮೇಲೆ ಇರುಳಿಗರಿಗೆ ಇರುವ ಹಕ್ಕು, ೨೦೦೬ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ, ಹತ್ತಿರದವರಿಗೇ ಕಾಣಲಿಲ್ಲ.

ಈಗ ನಮ್ಮ ಮಾತು. ನಮ್ಮ ಗೆಳೆಯನೊಬ್ಬ, ನಮ್ಮವನೇ, ಹಾಸ್ಟೆಲಿನಲ್ಲಿ ಓದಿ ಅಕ್ಷರ ಕಲಿತವನು, ನೂಲು ಬಿಚ್ಚುವ ಹೆಣ್ಣುಮಗಳ ಮೇಲೆ ಕತೆ ಬರೆದ. ಮೆಚ್ಚಿಕೊಂಡರು, ಸಭೆಯಲ್ಲಿ ಶಾಲು ಹೊದಿಸಿದರು. ಊರಿಗೆ ಬಂದು ಆ ಅಕ್ಕನಿಗೇ ಕತೆ ಓದಿ ಹೇಳಿದ. ಆಕೆ ಪೂರಾ ಕೇಳಿ ಅಂದಳು: "ನನ್ನ ಕೈ ಹೆಂಗೆ ಬೆಂದೈತೆ ಅಂತ ಬಲೇ ಚೆಂದಾಗಿ ಬರ್ದಿದೀಯ ಕಣಪ್ಪ. ಕೂಲಿ ಎಷ್ಟು ಅಂತ ಬರೀಲೇ ಇಲ್ವಲ್ಲ."

ಆವತ್ತಿನಿಂದ ಆ ಶಾಲು ಅವನ ಪೆಟ್ಟಿಗೆಯಲ್ಲಿದೆ. ಆ ಮಾತು ನಮ್ಮೆಲ್ಲರ ಎದೆಯಲ್ಲಿದೆ. ಬೆಂಗಳೂರಿನವರನ್ನು ಬೈದರೆ ನಮ್ಮ ಪಾಪ ಹರಿಯುವುದಿಲ್ಲ. ಅವ್ವನ ಹರಕಲು ಸೀರೆ ತೋರಿಸಿ ಚಪ್ಪಾಳೆ ಗಿಟ್ಟಿಸಿದವರು ನಮ್ಮಲ್ಲೂ ಇದ್ದಾರೆ. ೧೯೭೩ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಕುಣಿದವರು ನಾವು. ನಮ್ಮ ಕತೆಯಲ್ಲಿ ಬೂಸಾ ಇದೆಯೋ ಕಾಳಿದೆಯೋ ಅಂತ ಕೇರಿಗೆ ಕೊಟ್ಟು ಕೇರಿಸಬೇಕಾದವರೂ ನಾವೇ.

ಸ್ವಾರಸ್ಯ ಅಂದರೆ ಏನು ಸ್ವಾಮಿ? ಲೆಕ್ಕ ಹರಿದು ಬಿಸಾಕಿದ ಮೇಲೆ ಉಳಿಯುವ ಸಂಗತಿ. ಕೂಲಿ ಎಷ್ಟು, ಸಾಲ ಕೊಟ್ಟವನು ಯಾರು, ಜಮೀನು ಯಾರ ಹೆಸರಲ್ಲಿದೆ, ಇವನ್ನು ಕಿತ್ತುಹಾಕಿದರೆ ಜೀತವೂ ಜಾನಪದವಾಗುತ್ತದೆ, ಹಸಿವೂ ವರ್ಣನೆಯಾಗುತ್ತದೆ. ಗೂಡಿನೊಳಗಿನ ಜೀವ ಕೊಂದು ಎಳೆ ತೆಗೆಯುವ ಕೆಲಸ ಕತೆಗಾರನಿಗೆ ಬೇಡ.

ಹಳ್ಳಿಯ ಮೇಷ್ಟ್ರೇ, ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ನಿಮಗೊಂದು ಕೆಲಸ ಇದೆ. ನಿಮ್ಮೂರಿನ ಸಂಗತಿ ಬರೆಯಿರಿ, ಲೆಕ್ಕದ ಸಮೇತ ಬರೆಯಿರಿ. ಅಚ್ಚಿಗೆ ಕೊಡುವ ಮುಂಚೆ, ಯಾರ ಮೇಲೆ ಬರೆದಿರೋ ಅವರ ಜಗಲಿಯಲ್ಲಿ ಕೂತು ಓದಿ ಹೇಳಿ. ಅವರು "ಬ್ಯಾಡ" ಅಂದರೆ ಹರಿದುಹಾಕಿ. "ಇದು ಬಿಟ್ಟೋಯ್ತು" ಅಂದರೆ ಸೇರಿಸಿ. ಅವರೇ ಬರೆಯುತ್ತೇವೆ ಅಂದರೆ ಪೆನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯಿರಿ.

ಶಾಲು ಆಮೇಲೆ ನೋಡಿಕೊಳ್ಳೋಣ.