ಶಾಂಪೂ ಅರ್ಧಕ್ಕಿಳಿಸಿ, ಮಿಂದ ನೀರು ಮಣ್ಣಿಗೆ ಬಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಹಂಡೆ ತಿಕ್ಕಿ, ಮೈಗೆಲ್ಲ ಎಣ್ಣೆ ಹಚ್ಚಿ, ಮನೆಮಂದಿಯೆಲ್ಲ ಒಂದೇ ಬೆಳಗಿನಲ್ಲಿ ತಲೆ ಮೀಯುತ್ತೇವೆ. ಆ ಹೊತ್ತಿಗೆ ಬಚ್ಚಲಿಂದ ಹೊರಟ ನೊರೆ ಎಲ್ಲಿಗೆ ಹೋಗುತ್ತದೆಂದು ಒಮ್ಮೆ ಹಿತ್ತಲಿಗೆ ಹೋಗಿ ನೋಡಿ. ತೋಟದ ಕಾದಿಗೆಗೆ ಇಳಿದದ್ದು ಹಳ್ಳಕ್ಕೆ, ಹಳ್ಳದ್ದು ಹೊಳೆಗೆ. ಶಾಲ್ಮಲೆ ಬೇಡ್ತಿಯನ್ನು ಸೇರುತ್ತದೆ, ಬೇಡ್ತಿ ಗಂಗಾವಳಿಯಾಗಿ ಕಡಲಿಗೆ ಹೋಗುತ್ತದೆ. ಅಘನಾಶಿನಿ ಇಳಿಯುವುದು ತದಡಿಗೆ. ಅಲ್ಲಿನ ಅಳಿವೆಗೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅಲ್ಲಿ ಬಳಚು ಹೆಕ್ಕಿ ಬದುಕುವವರು ನಮ್ಮ ಬಚ್ಚಲನ್ನು ಕಂಡವರಲ್ಲ, ಆದರೆ ಅದರ ನೀರು ಅವರತ್ತಲೇ ಹರಿಯುತ್ತದೆ.

ಶಾಂಪೂ ಮುಟ್ಟಲೇಬೇಡಿ ಎಂದು ನಾವು ಹೇಳುತ್ತಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ಈಗ ಹಾಕುವುದರಲ್ಲಿ ಅರ್ಧ ಮಾತ್ರ ಹಾಕಿ ನೋಡಿ. ನಮ್ಮ ಅಬ್ಬಿ ನೀರು, ಬಾವಿ ನೀರು ಮೆದು. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಿಗೆ ಬೇಕಾಗುವಷ್ಟು ಇಲ್ಲಿ ಬೇಡ, ಸ್ವಲ್ಪಕ್ಕೇ ನೊರೆ ಏಳುತ್ತದೆ. ಅಂಗೈಗೆ ಸುರಿದು ನೇರ ನೆತ್ತಿಗೆ ಮೆತ್ತಿದರೆ ಒಂದೇ ಕಡೆ ಅಂಟಿ ಕೂರುತ್ತದೆ. ಚೊಂಬಿನಲ್ಲಿ ನೀರಿಗೆ ಕದಡಿ ತಲೆಯ ಚರ್ಮಕ್ಕೆ ಮಾತ್ರ ತಿಕ್ಕಿ, ಕೂದಲಿನ ಉದ್ದಕ್ಕೆ ಇಳಿದು ಬರುವ ನೊರೆಯೇ ಸಾಕು. ಶಾಂಪೂ ಗಟ್ಟಿಯಾಗಿದೆ ಎಂದರೆ ಶಕ್ತಿ ಜಾಸ್ತಿ ಎಂದಲ್ಲ. ಹೆಚ್ಚಿನವುಗಳಲ್ಲಿ ಅದನ್ನು ಗಟ್ಟಿ ಮಾಡುವುದು ಉಪ್ಪು! ಎರಡನೇ ಸಲ ತಿಕ್ಕುವುದು ಹಬ್ಬದ ಎಣ್ಣೆಸ್ನಾನಕ್ಕೆ ಇರಲಿ, ವಾರವಾರ ಬೇಡ. ಎಣ್ಣೆಯೂ ಸೋರುವಷ್ಟು ಬೇಡ. ಅದನ್ನು ತೆಗೆಯಲೆಂದೇ ತಾನೆ ಇಷ್ಟು ಶಾಂಪೂ ಖರ್ಚಾಗುವುದು?

ಇನ್ನು ಅಂಟುವಾಳ, ಸೀಗೆಕಾಯಿ. ನಾಲ್ಕೈದು ಅಂಟುವಾಳದ ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಒಂದು ತಲೆಗೆ ಆಯಿತು. ಸೀಗೆ ಪುಡಿಯನ್ನು ಗಂಜಿ ತಿಳಿಯಲ್ಲಿ ಕಲಸಿಕೊಳ್ಳಿ, ಕಣ್ಣಿಗೆ ಮಾತ್ರ ಬೀಳದಿರಲಿ. ಹಿತ್ತಲಲ್ಲಿ ದಾಸವಾಳವಿದ್ದರೆ ಅದರ ಸೊಪ್ಪಿನ ಗಂಪಿಗೆ ಕಾಸೂ ಖರ್ಚಿಲ್ಲ. ಅಂಟುವಾಳ, ಸೀಗೆಯನ್ನು ಕಾಡಿನಿಂದ ತರುವವರಲ್ಲಿ ಯಲ್ಲಾಪುರ ಕಡೆಯ ಸಿದ್ದಿಗಳು, ಕುಣಬಿಗಳು ಇದ್ದಾರೆ. ಅವರಿಂದ ಕೊಳ್ಳುವಾಗ ಚೌಕಾಸಿ ಮಾಡಬೇಡಿ. ಬೆಟ್ಟದಲ್ಲಿ ನೀವೇ ಕೊಯ್ಯುವುದಾದರೆ ಸೀಗೆ ಬಳ್ಳಿಯನ್ನು ಬುಡಕ್ಕೆ ಕಡಿಯಬೇಡಿ, ಒಂದಿಷ್ಟು ಕಾಯಿ ಅಲ್ಲೇ ಬಿಡಿ. ಅಂಗಡಿಯ ‘ಹರ್ಬಲ್’ ಬಾಟಲಿಯ ಮುಂದಿನ ಚಿತ್ರ ನೋಡಿ ಮರುಳಾಗಬೇಡಿ, ತಿರುಗಿಸಿ ಹಿಂದೆ ಓದಿ. ಹೆಚ್ಚು ಇರುವುದೇ ಪಟ್ಟಿಯಲ್ಲಿ ಮೊದಲು ಬರುತ್ತದೆ. ಸೀಗೆ ಎಷ್ಟನೇ ಸಾಲಿನಲ್ಲಿದೆ?

ಕಾಡಿನದೆಂದು ಅಂಟುವಾಳ ಹಿಡಿದು ಹೊಳೆಗಿಳಿಯುವವರಿಗೂ ಒಂದು ಮಾತಿದೆ. ಅದರ ನೊರೆಯ ಸಪೋನಿನ್ ಮೀನಿನ ಕಿವಿರಿಗೆ ವಿಷ. ಯಾವ ನೊರೆಯನ್ನೂ ಹರಿಯುವ ನೀರಿಗೆ ನೇರ ಬಿಡಬಾರದು. ಬಚ್ಚಲ ನೀರನ್ನು ಬಾಳೆ, ತೆಂಗಿನ ಬುಡಕ್ಕೆ ತಿರುಗಿಸಿ. ಮಣ್ಣಿನೊಳಗಿನ ಜೀವಿಗಳು ಅದರ ನೊರೆಯನ್ನು ಬಹುಮಟ್ಟಿಗೆ ಕರಗಿಸಿಕೊಳ್ಳುತ್ತವೆ. ಶಿವರಾತ್ರಿಗೆ ಶಾಲ್ಮಲೆಯ ಸಹಸ್ರಲಿಂಗಕ್ಕೆ ಹೋಗುವವರು, ಸಾತೋಡಿ ಜಲಪಾತಕ್ಕೆ ನೆಂಟರನ್ನು ಕರೆದೊಯ್ಯುವವರು ಸೋಪು-ಶಾಂಪೂ ಮನೆಯಲ್ಲೇ ಬಿಟ್ಟು ಹೋಗಿ. ತೀರ್ಥಕ್ಷೇತ್ರಗಳ ನದಿ, ಕೆರೆಗಳಿಂದ 500 ಮೀಟರ್ ಒಳಗೆ ಇವನ್ನು ಮಾರದಂತೆ ತಡೆಯಲು 2025ರ ಮಾರ್ಚ್‌ನಲ್ಲಿ ರಾಜ್ಯದ ಅರಣ್ಯ, ಪರಿಸರ ಸಚಿವ ಈಶ್ವರ ಖಂಡ್ರೆ ಸೂಚಿಸಿದ್ದೂ ಇದೇ ಕಾರಣಕ್ಕೆ. ಸೂಚನೆ ಕಡತದಲ್ಲಿ ಮಲಗದಿರಲಿ ಎಂದು ಪಂಚಾಯ್ತಿಯ ಗ್ರಾಮಸಭೆಯಲ್ಲಿ ಕೇಳಿ.

ಖಾಲಿ ಶಾಂಪೂ ಪ್ಯಾಕೆಟ್ಟನ್ನು ಬಚ್ಚಲೊಲೆಗೆ ತುರುಕುವ ಅಭ್ಯಾಸ ನಮ್ಮಲ್ಲಿ ಮನೆಮನೆಗೂ ಇದೆ. ಆ ಹೊಗೆ ಕುಡಿಯುವುದು ಮೀಯಲು ಕೂತ ಮಕ್ಕಳು, ಆ ಬೂದಿ ಹೋಗುವುದು ತೋಟಕ್ಕೆ. ಪ್ಯಾಕೆಟ್ ಬಿಟ್ಟು ದೊಡ್ಡ ಬಾಟಲಿ ತನ್ನಿ. ಪ್ಯಾಕೆಟ್ಟೇ ಬೇಕಾದರೆ ಗಿಡ್ಡ ಕೂದಲಿನವರು ಒಂದನ್ನು ಇಬ್ಬರು ಹಂಚಿಕೊಳ್ಳಿ, ಖಾಲಿಯಾದದ್ದನ್ನು ಕಸದ ಗಾಡಿಗೆ ಕೊಡಿ.

ಅಂಗಡಿಕಾರರಲ್ಲಿ, ಸೊಸೈಟಿಗಳಲ್ಲಿ ವಿನಂತಿ: ಶಾಂಪೂ ಪ್ಯಾಕೆಟ್ ಮಾಲೆ ತೂಗುಹಾಕುವ ಜಾಗದ ಪಕ್ಕದಲ್ಲೇ ಈ ಹಬ್ಬಕ್ಕೆ ಒಂದು ಚೀಲ ಅಂಟುವಾಳ ಬಾಯಿ ಬಿಚ್ಚಿಡಿ. ಬೆಲೆ ದಪ್ಪಕ್ಷರದಲ್ಲಿ ಬರೆಯಿರಿ.

ಓದಿ ಆದಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ದಾಟಿಸಿ.

— ಹೊಳೆದಂಡೆಯ ಕೆಲವು ಮನೆಯವರು