ನಮ್ಮ ದೊಡ್ಡಮ್ಮ ಅಕುಶಲ ಅಂತೆ!



ಮೊನ್ನೆ ಬೆಳ್ತಂಗಡಿ ಕಡೆಯ ನಮ್ಮ ಕಾಲೊನಿಯಲ್ಲಿ ದೊಡ್ಡಮ್ಮನ ಕಾಗದಪತ್ರ ಸರಿ ಮಾಡ್ತಾ ಕೂತಿದ್ದೆ. ಉದ್ಯೋಗ ಖಾತ್ರಿಯ ಹಳೇ ಜಾಬ್ ಕಾರ್ಡ್ ಸಿಕ್ತು. 2005ರ ಆ ಕಾಯ್ದೆ ನೂರು ದಿನದ ಕೆಲಸ ಕೊಡ್ತೇನೆ ಅಂದದ್ದು 'ಅಕುಶಲ ದೈಹಿಕ ಕೆಲಸ' ಮಾಡುವವರಿಗೆ. ಖಾತ್ರಿ ಕೆಲಸ ನಮ್ಮ ಒಲೆ ಉರಿಸಿದೆ, ಅಲ್ಲಗಳೆಯುವುದಿಲ್ಲ. ಆದರೆ ಆ ಶಬ್ದ ನನ್ನನ್ನು ಚುಚ್ಚಿತು. ಮೂವತ್ತು ವರ್ಷ ಮುರಕಲ್ಲಿನ ಜೊತೆ ಬದುಕಿದ ಹೆಂಗಸು ಮಾರ್ರೆ!

2019ರ ಆಗಸ್ಟ್ ನೆರೆ ನೆನಪಿದೆಯಲ್ಲ? ಚಾರ್ಮಾಡಿ ಭಾಗದಲ್ಲಿ ಮನೆಗಳು ಹೋದವು. ಮರುವರ್ಷ ಜನವರಿಯಲ್ಲಿ ಒಂದು ಮನೆ ಕಟ್ಟಲು ಜರ್ಮನಿಯ ಹುಡುಗನೊಬ್ಬ ಸ್ವಯಂಸೇವಕನಾಗಿ ಬಂದಿದ್ದ. ಮೊದಲ ದಿನ ಅವನೇ ಕಲ್ಲು ಆರಿಸಿ ಸಾಲಾಗಿಟ್ಟ. ದೊಡ್ಡಮ್ಮ ಒಂದನ್ನು ಬೆರಳ ಗೆಣ್ಣಿನಿಂದ ತಟ್ಟಿ ಪಕ್ಕಕ್ಕೆ ಹಾಕಿದಳು. "ಇದು ಬೇಡ ಮಗಾ, ಹೊಟ್ಟೆಯಲ್ಲಿ ಶೇಡಿ ಉಂಟು." ಒಡೆದು ನೋಡಿದರೆ ಒಳಗೆ ಬಿಳಿ ಮಣ್ಣು. ಕೋರೆಯಿಂದ ತೆಗೆದ ಕಲ್ಲು ಮೆತ್ತಗಿರುವಾಗಲೇ ಕೆತ್ತಬೇಕು, ಆಮೇಲೆ ಗಾಳಿಗೆ ಬಿಟ್ಟರೆ ಗಟ್ಟಿಯಾಗ್ತದೆ, ಕಟ್ಟುವ ಮೊದಲು ನೀರು ಕುಡಿಸಬೇಕು. ಇದೆಲ್ಲ ಅವಳೇ ಹೇಳಿಕೊಟ್ಟದ್ದು. ಹುಡುಗ ಮೂರು ವಾರ ನಮ್ಮ ಅಂಗಳದಲ್ಲೇ ಗಂಜಿ ಉಂಡ. (ಶಿಬಿರಕ್ಕೆ ಬಂದ ನಮ್ಮವೇ ಊರಿನ ಕಾಲೇಜು ಮಕ್ಕಳು ನೀರಿನ ಬಾಟಲಿ ಮನೆಯಿಂದ ತಂದಿದ್ದರು. ಅದು ಬೇರೆ ಕತೆ.)

ಹೊರಡುವಾಗ ಅವನಿಗೆ ಕಟ್ಟಡ ಕೆಲಸ ಕಲಿತ ಸರ್ಟಿಫಿಕೇಟ್ ಸಿಕ್ತು. ಕಲಿಸಿದವಳು ಅಕುಶಲ! ಹುಡುಗನ ತಪ್ಪಲ್ಲ, ಅವನು "ಅಮ್ಮನೇ ನನ್ನ ಟೀಚರ್" ಅಂತ ಎಲ್ಲರೆದುರು ಹೇಳಿದ್ದ. ಕೇಳಿದವರು ಅವನ ದೊಡ್ಡ ಮನಸ್ಸನ್ನು ಹೊಗಳಿದರು, ಅವಳ ಕೆಲಸವನ್ನಲ್ಲ.

ಇದು ಹೊಸತೂ ಅಲ್ಲ. 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿದ. 1807ರ ಪುಸ್ತಕದಲ್ಲಿ ಈ ಕಲ್ಲಿಗೆ 'ಲ್ಯಾಟರೈಟ್' ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತ ಅರ್ಥ. ಇಲ್ಲಿನ ಜನ ಇದನ್ನು ಇಟ್ಟಿಗೆ ಕಲ್ಲು ಅಂತಾರೆ ಎಂದು ಅವನೇ ಬರೆದಿದ್ದಾನೆ. ಜಗತ್ತಿನ ಭೂವಿಜ್ಞಾನ ಅವನ ಹೆಸರನ್ನು ಇಟ್ಟುಕೊಂಡಿತು. ಕಲ್ಲು ಕೆತ್ತಿ ತೋರಿಸಿದವರ ಹೆಸರು ಎಲ್ಲಿ?

ಹಾಗಾಗಿ ಹೊರಗಿನವರು ನಮ್ಮಿಂದ ಕಲಿತರು ಎನ್ನುವ ಖುಷಿ ನನಗೆ ಸಾಲುವುದಿಲ್ಲ. ಕಾಗದ ಬೇಕು. ಕಾನೂನಿನ ಪ್ರಕಾರ 18ರಿಂದ 60 ವರ್ಷದೊಳಗಿನವರು ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. ಆದರೆ 90 ದಿನ ದುಡಿದದ್ದಕ್ಕೆ ದಾಖಲೆ ಬೇಕಲ್ಲ. ದೊಡ್ಡಮ್ಮ ಕೆಲಸ ಮಾಡಿದ ಕಂತ್ರಾಟುದಾರ "ಹೆಂಗಸರು ಕಲ್ಲು ಹೊರುವವರು ಮಾತ್ರ" ಅಂತ ಸಹಿ ಹಾಕಲಿಲ್ಲ. ಕಲ್ಲು ಹೊತ್ತರೆ ಅದು ಕಟ್ಟಡ ಕೆಲಸ ಅಲ್ವಾ? ಅವಳಿಗೀಗ 56. ಇನ್ನು ನಾಲ್ಕೇ ವರ್ಷ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆ ಹೀಗೆ ಸಹಿ ಸಿಗದೆ ಉಳಿದ ಅಕ್ಕಂದಿರು ನಿಮಗೆ ಗೊತ್ತಿದ್ದರೆ ಇನ್‌ಬಾಕ್ಸಿಗೆ ಬರೆಯಿರಿ. ಆಧಾರ್ ಪ್ರತಿ, ಫೋಟೋ, ಯಾರ ಮನೆಯಲ್ಲಿ ಎಷ್ಟು ದಿನ ಕೆಲಸ ಅನ್ನುವ ಪಟ್ಟಿ ಇರಲಿ. ಸೋಮವಾರ ಎಲ್ಲರೂ ಒಟ್ಟಿಗೇ ಕಾರ್ಮಿಕ ಇಲಾಖೆಗೆ ಹೋಗುವ.