ನೋಟೀಸಿಗೆ ಉತ್ತರ ಬರೆದರೆ ಸಾಲದು



ನಮ್ಮ ಬ್ರಹ್ಮಪುರದಂತಹ ಹಳೆಯ ಬಡಾವಣೆಗಳಲ್ಲಿ ಮನೆಗಳ ಮೇಲೆ ಮಹಡಿಗಳು ಏರುತ್ತಿವೆ. ಕೆಳಗೆ ಅಂಗಡಿ, ನಡುವೆ ಟ್ಯೂಷನ್ ತರಗತಿ, ಮೇಲೆ ಹುಡುಗರಿಗೆ ಬಾಡಿಗೆ ಕೋಣೆ. ಇಳಿಯಲು ಒಂದೇ ಇಕ್ಕಟ್ಟಾದ ಮೆಟ್ಟಿಲು. ಅಗ್ನಿಶಾಮಕ ಇಲಾಖೆಯ ನೋಟೀಸು ಬಂದರೆ ಎಷ್ಟೋ ಮಾಲೀಕರು ಮೊದಲು ಹುಡುಕುವುದು ವಿದ್ಯುತ್ ಕೆಲಸದವನನ್ನಲ್ಲ, ಅರ್ಜಿ ಬರೆಯುವವನನ್ನು. 'ನ್ಯೂನತೆಗಳನ್ನು ಸರಿಪಡಿಸಲಾಗಿದೆ' ಎಂಬ ಒಂದು ವಾಕ್ಯದಲ್ಲಿ ಹೊಣೆ ಮುಗಿಯಿತೆಂದು ಅವರ ಭಾವನೆ.

ಕಾಗದ ಮತ್ತು ಕಟ್ಟಡ ಬೇರೆಬೇರೆಯಾದರೆ ಏನಾಗುತ್ತದೆಂಬುದಕ್ಕೆ ದೆಹಲಿಯ ಉಪಹಾರ್ ಚಿತ್ರಮಂದಿರವೇ ಸಾಕ್ಷಿ. ಲೋಪಗಳಿಗಾಗಿ 1983ರಲ್ಲಿಯೇ ಅದರ ಪರವಾನಗಿ ಅಮಾನತಾಗಿತ್ತು. ನ್ಯಾಯಾಲಯದ ತಡೆಯಾಜ್ಞೆಯಿಂದ ಪ್ರದರ್ಶನ ಮುಂದುವರಿಯಿತು. 1997ರ ಜೂನ್ 13ರಂದು ಅಲ್ಲಿ 59 ಜನ ಸತ್ತರು. ಆ ಮೊಕದ್ದಮೆಯ ದಾಖಲೆಗಳನ್ನೇ ತಿದ್ದಿ ಹಾಳುಮಾಡಿದ ಪ್ರಕರಣದಲ್ಲಿ ಮಾಲೀಕರು ದೋಷಿಗಳೆಂದು 2021ರಲ್ಲಿ ತೀರ್ಪಾಯಿತು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆ ತುಂಬಿದಾಗ ದಾರಿ ಕಾಣದೆ ಕೆಲವರು ಮೇಲಿನಿಂದ ಹಾರಿದರು. 9 ಜೀವಗಳು ಹೋದವು.

ಹಾಗಾದರೆ ಉತ್ತರ ಹೇಗಿರಬೇಕು? ನನ್ನ ಅಭಿಪ್ರಾಯ ಸರಳ. ನೋಟೀಸಿನ ಪ್ರತಿಯೊಂದು ಅಂಶಕ್ಕೂ ಪ್ರತ್ಯೇಕ ಉತ್ತರವಿರಲಿ: ಯಾವ ಲೋಪ, ಯಾವ ದಿನ ಸರಿಯಾಯಿತು, ಯಾರು ಸರಿಪಡಿಸಿದರು, ರಸೀದಿ ಎಲ್ಲಿದೆ, ಚಿತ್ರ ಎಲ್ಲಿದೆ. ಆಗದೆ ಉಳಿದದ್ದನ್ನು ಆಗಿಲ್ಲವೆಂದೇ ಬರೆದು ಗಡುವು ಕೇಳಲಿ. ಇಲಾಖೆ ಸ್ವೀಕರಿಸಿದ ಮೊಹರಿನ ಪ್ರತಿಯನ್ನು ಕಡತದಲ್ಲಿಟ್ಟು, ಇನ್ನೊಂದನ್ನು ಬಾಡಿಗೆದಾರರಿಗೆ ಕೊಡಲಿ. ಅಪಾಯದಲ್ಲಿ ಮಲಗುವವರು ಅವರು. ತಿಳಿಯುವ ಹಕ್ಕೂ ಅವರದೇ.

'ಇದೆಲ್ಲ ಕಿರುಕುಳ, ಖರ್ಚಿನ ದಾರಿ' ಎಂದು ಕೆಲವರು ಆಕ್ಷೇಪಿಸುತ್ತಾರೆ. ಖರ್ಚು ನಿಜ, ಕಚೇರಿಗೆ ಅಲೆದಾಟವೂ ನಿಜ. ಆದರೆ ಕಾರಣವಿಲ್ಲದೆ ಪೀಡಿಸುವ ಅಧಿಕಾರಿಯ ಎದುರು ಪ್ರಾಮಾಣಿಕ ಮಾಲೀಕನನ್ನು ಕಾಯುವುದೂ ಅದೇ ಕಡತ. 'ಮೆಟ್ಟಿಲಲ್ಲಿ ಸಿಲಿಂಡರ್ ಇಟ್ಟವನು ಬಾಡಿಗೆದಾರ' ಎನ್ನುವ ಮಾಲೀಕನು, ತೆಗೆಯಲು ಹೇಳಿದ ಪತ್ರವನ್ನು ತೋರಿಸಬೇಕಲ್ಲವೇ?

ಪರೀಕ್ಷೆಯಲ್ಲಿ ಉತ್ತರ ಮಾತ್ರ ಬರೆದು ಲೆಕ್ಕದ ಹಂತಗಳನ್ನು ಬಿಟ್ಟವರಿಗೆ ನಾನು ಪೂರ್ಣ ಅಂಕ ಕೊಡುತ್ತಿರಲಿಲ್ಲ. ನಿಮ್ಮಲ್ಲಿ ಹಲವರು ಇಂದು ಕಟ್ಟಡಗಳ ಒಡೆಯರಾಗಿದ್ದೀರಿ. ಈ ವಾರ ಒಮ್ಮೆ ನಿಮ್ಮ ಮೆಟ್ಟಿಲುಗಳನ್ನು ಹತ್ತಿ ನೋಡಿರಿ. ಆಮೇಲೆ ಕಡತವನ್ನು ತೆರೆಯಿರಿ. ಎರಡೂ ಒಂದೇ ಮಾತು ಹೇಳುತ್ತಿದ್ದರೆ ನಿಮ್ಮ ಮೇಷ್ಟ್ರಿಗೆ ಸಂತೋಷ.